ಮಾಡಿದ ಕೆಲಸವನ್ನೇ ರೆಸ್ಯೂಮ್‌ನಲ್ಲಿ ಬರೆಯಿರಿ
ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರಕ್ಕೋ ಅರ್ಜಿ ಹಾಕುವ ಐಟಿಐ, ಡಿಪ್ಲೊಮಾ ಅಭ್ಯರ್ಥಿಗಳು ರೆಸ್ಯೂಮ್‌ನ ಮೊದಲ ಸಾಲಿನಲ್ಲೇ ‘ಪ್ರಾಮಾಣಿಕ, ಶ್ರಮಜೀವಿ’ ಎಂದು ಬರೆದುಕೊಳ್ಳುವುದುಂಟು. ಅದರಿಂದ ಆಯ್ಕೆ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು, ‘ಅಪ್ರೆಂಟಿಸ್ ಆಗಿ 12 ತಿಂಗಳು ಕನ್ವೇಯರ್ ಮೋಟಾರುಗಳ ಬೇರಿಂಗ್ ಬದಲಿಸುವ, ಗ್ರೀಸ್ ಹಾಕುವ, ಲಾಗ್‌ಬುಕ್ ಬರೆಯುವ ಕೆಲಸ ಮಾಡಿದ್ದೇನೆ’ ಎಂದು ಬರೆದರೆ, ನಿಮ್ಮ ಕೈಗೆ ಯಾವ ಕೆಲಸ ಒಗ್ಗಿದೆಯೆಂಬುದು ಓದಿದವರಿಗೆ ಕೂಡಲೇ ಗೊತ್ತಾಗುತ್ತದೆ. ಹೊಸಬರಿಗೆ ಒಂದೇ ಪುಟ ಸಾಕು. ಹೆಸರು, ಜನ್ಮದಿನಾಂಕಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರಲಿ.

ಸಂದರ್ಶನದಲ್ಲಿ ಪ್ರಶ್ನೆಗಳು ಬಹುಪಾಲು ನೀವು ಬರೆದ ಸಾಲುಗಳಿಂದಲೇ ಹುಟ್ಟುತ್ತವೆ. ಆದ್ದರಿಂದ ಬೇರಿಂಗ್ ಏಕೆ ಬಿಸಿಯಾಗುತ್ತದೆ, ಕೆಲಸಕ್ಕೆ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ ಬೀಗ ಹಾಕುವುದೇಕೆ ಎಂಬುದನ್ನು ಮನೆಯವರೆದುರು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು. ಇಂಗ್ಲಿಷ್ ತಡವರಿಸಿದರೆ ಅಂಜಬೇಡಿ. ಕನ್ನಡದಲ್ಲಿ ಉತ್ತರಿಸಲು ಅನುಮತಿ ಕೇಳುವುದರಲ್ಲಿ ತಪ್ಪಿಲ್ಲ.

ರಾಜ್ಯ ಸರ್ಕಾರಿ ಹುದ್ದೆಯಾದರೆ, ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗಿರುವ, ಸಂವಿಧಾನದ 371(ಜೆ) ವಿಧಿಯ ಮೀಸಲಾತಿಗೆ ಬೇಕಾದ, ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರವನ್ನು ಅಧಿಸೂಚನೆಗೆ ಕಾಯದೆ ಈಗಲೇ ಮಾಡಿಸಿಟ್ಟುಕೊಳ್ಳಿ.