ಮೂಲ್ಕಿಯ ಶಾಂಭವಿಯಲ್ಲಿ ಪ್ಯಾಡಲ್ ಬೋರ್ಡ್ ಕಲಿತೆ: ನನ್ನ ಅನುಭವ

ರಜೆಗೆ ಹೋದಾಗ ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡಿಂಗ್, ಅಂದರೆ ತೇಲುವ ಉದ್ದ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವುದನ್ನು ಕಲಿಯೋಣ ಅಂತ ಯೋಚನೆ ಇದ್ದರೆ, ಒಬ್ಬರಿಗೇ ಹೇಳಿಕೊಡುವ ಪಾಠವನ್ನೇ ತಗೊಳ್ಳಿ. ಮೂಲ್ಕಿಗೆ ಹೋಗಿ ಬಂದ ಮೇಲೆ ಕೇಳಿದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಗುಂಪಿನ ಪಾಠಕ್ಕಿಂತ ದುಡ್ಡು ಜಾಸ್ತಿ, ನಿಜ. ಆದರೆ ಗುಂಪಿನಲ್ಲಿ ಎಲ್ಲರೂ ಎದ್ದು ನಿಂತರೆ ನೀವೂ ಎದ್ದು ನಿಲ್ಲಬೇಕಾಗುತ್ತದೆ. ನನ್ನಂತೆ ಐವತ್ತರ ಹತ್ತಿರ ಬಂದವರಿಗೆ, ಎಡ ಮಂಡಿ ಆಗಾಗ ತಕರಾರು ಮಾಡುವವರಿಗೆ, ಈಜುಕೊಳ ಬಿಟ್ಟು ಬೇರೆ ನೀರಿಗೆ ಇಳಿಯದವರಿಗೆ ಆ ಅವಸರ ಒಳ್ಳೆಯದಲ್ಲ. ಈ ವಿದ್ಯೆಯಲ್ಲಿ ನಿಲ್ಲುವುದು ಕಷ್ಟದ ಭಾಗವೇ ಅಲ್ಲ. ನಿಲ್ಲುವ ಮೊದಲು ಮಂಡಿಯೂರಿ ಎಷ್ಟು ಹೊತ್ತು ಇದ್ದಿರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಆ ಹೊತ್ತನ್ನು ಕೊಡುವುದು ಒಬ್ಬರಿಗೇ ಮೀಸಲಾದ ಪಾಠ ಮಾತ್ರ.

ಮೂಲ್ಕಿ ಯಾಕೆ ಅಂದರೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ನೀರು ನಮ್ಮ ಕರಾವಳಿಯಲ್ಲಿ ನಾನು ನೋಡಿಲ್ಲ. ಮಂಗಳೂರಿನಿಂದ ಉಡುಪಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 30 ಕಿಲೋಮೀಟರ್. ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ದಾಟಿದರೆ ಶಾಂಭವಿ ನದಿ. ಅದು ಕಡಲಿನ ಹತ್ತಿರ ಬಂದರೂ ಕಡಲಿಗೆ ನೇರವಾಗಿ ಬೀಳುವುದಿಲ್ಲ. ಮರಳಿನ ಉದ್ದನೆಯ ಪಟ್ಟಿಯೊಂದು ನಡುವೆ ಅಡ್ಡ ನಿಂತಿದೆ. ನದಿ ಅದರ ಒಳಮಗ್ಗುಲಲ್ಲಿ ಅಗಲವಾಗಿ ಹರಡಿಕೊಂಡು ಸಾಗಿ, ಸಸಿಹಿತ್ಲು ಹತ್ತಿರ ನಂದಿನಿ ನದಿಯನ್ನು ಕೂಡಿಕೊಂಡು ಅಳಿವೆಯಲ್ಲಿ, ಅಂದರೆ ನದಿಯ ಬಾಯಿಯಲ್ಲಿ, ಕಡಲು ಸೇರುತ್ತದೆ. ಹಾಗಾಗಿ ಒಂದು ಕಡೆ ತೆರೆಗಳ ಸದ್ದು ಕೇಳುತ್ತಿದ್ದರೂ ನಿಮ್ಮ ಬೋರ್ಡಿನ ಕೆಳಗಿನ ನೀರು ಅಲುಗದೆ ಇರುತ್ತದೆ. ದೇಶದ ಮೊದಮೊದಲ ಸರ್ಫಿಂಗ್ ಕ್ಲಬ್ಬುಗಳಲ್ಲಿ ಒಂದಾದ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದು ಈ ಊರಿನಲ್ಲೇ. 2024ರ ಮಾರ್ಚ್‌ನಲ್ಲಿ ಸಸಿಹಿತ್ಲು ಕಡಲತೀರದಲ್ಲಿ ಪ್ಯಾಡಲ್ ಬೋರ್ಡಿನ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು. ಅಂದರೆ ಕಲಿಸುವವರಿಗೆ ಇಲ್ಲಿ ಬರಗಾಲವಿಲ್ಲ.

ಮಳೆಗಾಲ ಮುಗಿದ ಮೇಲೆ ಹೋಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನದಿ ಕೆಂಪಗೆ ತುಂಬಿ ಹರಿಯುತ್ತದೆ, ಆಗ ಅದರ ಸುದ್ದಿಗೆ ಹೋಗಬಾರದು. ನಾನು ಹೋದದ್ದು ಡಿಸೆಂಬರ್ ಕೊನೆಗೆ.

ಹಿಂದಿನ ದಿನ ಫೋನ್ ಮಾಡಿದಾಗ ತರಬೇತುದಾರರು ನನ್ನ ಅನುಕೂಲದ ಸಮಯ ಕೇಳಲಿಲ್ಲ. ‘ನಾಳೆ ಉಬ್ಬರ ಎಂಟೂವರೆಗೆ ಉಂಟು, ನೀವು ಏಳಕ್ಕೆ ಬನ್ನಿ’ ಅಂದರು. ಆ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಅಳಿವೆ ಹತ್ತಿರದ ನದಿ ದಿನಕ್ಕೆ ಎರಡು ಸಲ ತುಂಬುತ್ತದೆ, ಎರಡು ಸಲ ಇಳಿಯುತ್ತದೆ. ಉಬ್ಬರದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನೀರು ಏರುತ್ತಿರುವಾಗ ಹರಿವು ನಿಮ್ಮನ್ನು ಒಳನಾಡಿನ ಕಡೆಗೆ ತಳ್ಳುತ್ತದೆ, ಇಳಿಯುವಾಗ ಕಡಲಿನ ಕಡೆಗೆ ಎಳೆಯುತ್ತದೆ. ಹೊಸಬರು ನೀರಿನಲ್ಲಿರಬೇಕಾದದ್ದು ಉಬ್ಬರದ ಕೊನೆಯ ಗಂಟೆಯಲ್ಲಿ ಮತ್ತು ನೀರು ತುಂಬಿ ನಿಶ್ಚಲವಾಗಿ ನಿಲ್ಲುವ ಆ ಸ್ವಲ್ಪ ಹೊತ್ತಿನಲ್ಲಿ. ‘ನಿಮಗೆ ಯಾವಾಗ ಬೇಕೋ ಆವಾಗ ಬನ್ನಿ’ ಅನ್ನುವವರ ಹತ್ತಿರ ನಾನಂತೂ ಕಲಿಯಲಾರೆ.

ಫೋನಿನಲ್ಲೇ ಇನ್ನೆರಡು ವಿಷಯ ವಿಚಾರಿಸಿದ್ದೆ. ನನ್ನ ಅಳತೆಯ ಲೈಫ್ ಜಾಕೆಟ್ ಇದೆಯಾ? ನೀವು ಪಕ್ಕದಲ್ಲಿ ಇನ್ನೊಂದು ಬೋರ್ಡಿನಲ್ಲಿ ಬರುತ್ತೀರಾ, ದಡದಲ್ಲಿ ನಿಂತು ಕೂಗುತ್ತೀರಾ? ಎರಡನೆಯದಕ್ಕೆ ಸಿಗುವ ಉತ್ತರ ಬಹಳ ಮುಖ್ಯ. ನದಿಯ ನಡುವೆ ನಡುಕ ಹತ್ತಿದಾಗ ದಡದಿಂದ ಬರುವ ದನಿ ಯಾವ ಕೆಲಸಕ್ಕೂ ಬರುವುದಿಲ್ಲ. ಮಂಡಿಯ ವಿಷಯವನ್ನೂ ಆಗಲೇ ಹೇಳಿದೆ. ಬೆಳಗ್ಗೆ ಹೋಗುವಷ್ಟರಲ್ಲಿ ಅವರು ದಪ್ಪನೆಯ ಮೆತ್ತೆ ಇದ್ದ ಬೋರ್ಡನ್ನೇ ತೆಗೆದಿಟ್ಟಿದ್ದರು.

ಹೆಂಗಸರು ಹೆಚ್ಚಾಗಿ ಕೇಳುವುದು ಬಟ್ಟೆಯ ಬಗ್ಗೆ. ಲೆಗ್ಗಿಂಗ್ಸ್ ಮತ್ತು ಉದ್ದ ತೋಳಿನ ಈಜುಡುಗೆಯ ಅಂಗಿ ಹಾಕಿಕೊಂಡಿದ್ದೆ. ಹತ್ತಿ ಬಟ್ಟೆ ಬೇಡ, ನೆನೆದರೆ ಭಾರವಾಗಿ ಜಗ್ಗುತ್ತದೆ. ಬರಿಗಾಲು. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಳ್ಳಿ.

ದಡದಲ್ಲಿ ಮೊದಲು ಬೋರ್ಡಿನ ಪರಿಚಯ. ನನ್ನದು ಹತ್ತೂವರೆ ಅಡಿ ಉದ್ದ, 33 ಇಂಚು ಅಗಲ. ಹೊಸಬರಿಗೆ ಅಗಲವೇ ಆಧಾರ; ವೇಗಕ್ಕೆ ಮಾಡಿದ ಬೋರ್ಡುಗಳು ಇದಕ್ಕಿಂತ ಕಿರಿದು. ಹಿಂಭಾಗದಲ್ಲಿ ಕೆಳಮಗ್ಗುಲಿಗೆ ಮೀನಿನ ರೆಕ್ಕೆಯಂಥ ಫಿನ್ ಇರುತ್ತದೆ, ಬೋರ್ಡ್ ನೆಟ್ಟಗೆ ಹೋಗುವುದು ಅದರಿಂದಲೇ. ನಡುವಿನ ಹಿಡಿ ಎತ್ತಿಕೊಂಡು ಹೋಗಲಿಕ್ಕೆ ಮಾತ್ರವಲ್ಲ. ಬೋರ್ಡಿನ ತೂಕದ ನಟ್ಟನಡು ಅದೇ, ನಿಲ್ಲುವಾಗ ಅದು ಎರಡು ಪಾದಗಳ ನಡುವೆ ಬರಬೇಕು. ಇನ್ನು ಪ್ಯಾಡಲ್, ಅಂದರೆ ಹುಟ್ಟು. ನೆಟ್ಟಗೆ ನಿಲ್ಲಿಸಿ ಕೈ ಮೇಲೆತ್ತಿದರೆ ಅದರ ಹಿಡಿ ಮಣಿಕಟ್ಟಿನ ಹತ್ತಿರ ಬರಬೇಕು, ಅಷ್ಟು ಉದ್ದ. ಅದರ ಅಲಗು ಹಿಡಿಕೋಲಿಗೆ ನೇರವಾಗಿರದೆ ಸ್ವಲ್ಪ ಬಾಗಿರುತ್ತದೆ. ಆ ಬಾಗು ಮುಂದಕ್ಕೆ, ಬೋರ್ಡಿನ ಮೂತಿಯ ಕಡೆಗೆ ಇರಬೇಕು. ಅದನ್ನು ನಮ್ಮ ಕಡೆಗೆ ತಿರುಗಿಸಿ ಹಿಡಿಯುವುದೇ ಸಹಜ ಅನಿಸುತ್ತದೆ. ಹಾಗೆ ಹಿಡಿದರೆ ಅಲಗು ನೀರನ್ನು ಹಿಂದಕ್ಕೆ ತಳ್ಳುವ ಬದಲು ಮೇಲಕ್ಕೆ ಎತ್ತುತ್ತದೆ, ತೋಳು ಬೇಗ ಸೋಲುತ್ತದೆ.

ಬೋರ್ಡನ್ನೂ ನಮ್ಮನ್ನೂ ಸೇರಿಸುವ ಹಗ್ಗಕ್ಕೆ ಲೀಶ್ ಅನ್ನುತ್ತಾರೆ. ಅಲ್ಲಿ ಅದನ್ನು ಕಾಲಿಗೆ ಕಟ್ಟಲಿಲ್ಲ, ಸೊಂಟದ ಪಟ್ಟಿಗೆ ಸಿಕ್ಕಿಸಿದರು. ಒಂದು ಗುಂಡಿ ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿ. ನದಿಯಲ್ಲಿ ಬಲೆ ಕಟ್ಟುವ ಗೂಟಗಳಿರುತ್ತವೆ, ಹಗ್ಗಗಳಿರುತ್ತವೆ, ಹರಿವೂ ಇರುತ್ತದೆ. ಲೀಶ್ ಯಾವುದಕ್ಕಾದರೂ ಸಿಕ್ಕಿಕೊಂಡರೆ ಕಾಲಿನ ತನಕ ಬಗ್ಗಿ ಬಿಚ್ಚಲು ಆಗುವುದಿಲ್ಲ. ಆ ಗುಂಡಿಯನ್ನು ಕಣ್ಣು ಮುಚ್ಚಿ ಎಳೆಯುವುದನ್ನು ದಡದಲ್ಲೇ ಮತ್ತೆ ಮತ್ತೆ ಮಾಡಿಸಿದರು.

ಮಂಡಿ ಮುಳುಗುವಷ್ಟು ನೀರಿಗೆ ಹೋದ ಮೇಲೆಯೇ ಬೋರ್ಡ್ ಹತ್ತಬೇಕು. ಅದಕ್ಕಿಂತ ಕಡಿಮೆ ನೀರಿದ್ದರೆ ಫಿನ್ ಮರಳಿಗೆ ತಾಗಿ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ಮೇಲಿದ್ದವರು ಮುಂದಕ್ಕೆ ಹೋಗಿ ಬೀಳುತ್ತಾರೆ.

ಹಿಡಿಯ ಎರಡೂ ಬದಿಗೆ ಮಂಡಿಯೂರಿ ಕೂತೆ. ಪ್ಯಾಡಲ್ಲನ್ನು ಗಿಡ್ಡಕ್ಕೆ ಹಿಡಿದು ಬಲಕ್ಕೆ ನಾಲ್ಕು ಸಲ, ಎಡಕ್ಕೆ ನಾಲ್ಕು ಸಲ. ಅವರು ತಮ್ಮ ಬೋರ್ಡಿನಲ್ಲಿ ಒಂದು ಮಾರು ದೂರದಲ್ಲೇ ಬರುತ್ತಿದ್ದರು. ಮುಂದೆ ಹೋಗುವುದು, ನಿಲ್ಲಿಸುವುದು, ತಿರುಗಿಸುವುದು ಎಲ್ಲವನ್ನೂ ಮಂಡಿಯ ಮೇಲೆ ಇದ್ದಾಗಲೇ ಕಲಿಸಿದರು. ಕೂತಾಗ ಭಾರ ಕೆಳಗಿರುತ್ತದೆ, ಬೀಳುವ ಚಿಂತೆ ಇರುವುದಿಲ್ಲ, ಹಾಗಾಗಿ ಮನಸ್ಸೆಲ್ಲ ಅಲಗು ನೀರಿಗಿಳಿಯುವ ಕಡೆಗೇ ಇತ್ತು. ಪಾಠದ ಅರ್ಧದಷ್ಟು ಹೊತ್ತು ಹೀಗೇ ಕಳೆಯಿತು. ‘ಇನ್ನು ನಿಲ್ಲುವುದಾ?’ ಅಂತ ಕೇಳಿದರೆ, ‘ಅರ್ಜೆಂಟ್ ಎಂತದ್ದು, ಬೋರ್ಡ್ ಎಲ್ಲಿಗೂ ಓಡುವುದಿಲ್ಲ’ ಅಂದರು.

ನಿಲ್ಲುವ ಮೊದಲು ಇನ್ನೊಂದು ಕೆಲಸ ಮಾಡಿಸಿದರು. ಬೇಕೆಂದೇ ಬೀಳಿಸಿದರು. ‘ಬೀಳುವುದನ್ನು ಮೊದಲು ಮುಗಿಸಿಬಿಡುವ’ ಅಂತ ಅವರದೇ ಮಾತು. ಬೋರ್ಡಿನಿಂದ ದೂರಕ್ಕೆ, ಪಕ್ಕಕ್ಕೆ, ಮೈ ಹರವಿಕೊಂಡು ಬೀಳಬೇಕು. ತಲೆ ಮುಂದೆ ಮಾಡಿ ಧುಮುಕಬಾರದು, ಆಳ ಎಷ್ಟಿದೆ ಅಂತ ಮೇಲಿನಿಂದ ತಿಳಿಯುವುದಿಲ್ಲ. ಕಾಲು ಕೆಳಕ್ಕೆ ಚಾಚಬಾರದು, ಅಡಿಯಲ್ಲಿ ಚಿಪ್ಪುಗಳಿರುತ್ತವೆ. ಆ ನದಿಯಲ್ಲಿ ಮರುವಾಯಿ ಅನ್ನುವ ಚಿಪ್ಪುಮೀನು ಹೆಕ್ಕುವವರ ಪಾದಗಳನ್ನು ನೋಡಿದರೆ ಆ ಚಿಪ್ಪು ಎಷ್ಟು ಹರಿತ ಅಂತ ಗೊತ್ತಾಗುತ್ತದೆ. ಬಿದ್ದ ಮೇಲೆ ಮೊದಲು ಬೋರ್ಡ್ ಹಿಡಿಯಬೇಕು, ಪ್ಯಾಡಲ್ ಆಮೇಲೆ. ಬೋರ್ಡಿನ ಪಕ್ಕಕ್ಕೆ ಬಂದು ಒಂದು ಕೈಯಲ್ಲಿ ನಡುವಿನ ಹಿಡಿಯನ್ನೋ ಆಚೆಯ ಅಂಚನ್ನೋ ಹಿಡಿದು, ಕಾಲುಗಳನ್ನು ನೀರಿನ ಮೇಲ್ಮೈಗೆ ತಂದು ಜೋರಾಗಿ ಬಡಿಯಬೇಕು. ಆಗ ಮೈ ಅಡ್ಡವಾಗಿ ಜಾರಿ ಬೋರ್ಡಿನ ಮೇಲೆ ಬರುತ್ತದೆ. ಕಾಲು ಕೆಳಗೆ ನೇತಾಡುತ್ತಿರುವಾಗ ಬರೀ ತೋಳಬಲದಿಂದ ಹತ್ತಲು ನೋಡಿದರೆ ಬೋರ್ಡೇ ಮಗುಚಿಕೊಳ್ಳುತ್ತದೆ. ಹೀಗೆ ಬಿದ್ದು ಹತ್ತಿದ ಮೇಲೆ ನನ್ನೊಳಗೆ ಗಂಟು ಕಟ್ಟಿದ್ದ ಏನೋ ಒಂದು ಬಿಚ್ಚಿಕೊಂಡಿತು. ಮೂಗಿಗೆ ಉಪ್ಪುನೀರು ಹೋಗಿತ್ತು, ಕಣ್ಣು ಉರಿಯುತ್ತಿತ್ತು, ಆದರೂ ನದಿಯ ನಡುವೆ ಅಷ್ಟು ಧೈರ್ಯ ನನಗೆ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ನಿಲ್ಲುವ ಕ್ರಮ ಹೀಗೆ. ಪ್ಯಾಡಲ್ಲನ್ನು ಮುಂದೆ ಅಡ್ಡಲಾಗಿಟ್ಟು ಎರಡೂ ಅಂಗೈ ಬೋರ್ಡಿಗೆ ಊರಬೇಕು. ಮಂಡಿ ಇದ್ದ ಜಾಗಕ್ಕೆ ಒಂದು ಪಾದ, ಆಮೇಲೆ ಇನ್ನೊಂದು. ಕುಕ್ಕರಗಾಲಿನಲ್ಲಿ ಒಂದು ಉಸಿರು. ಕೊನೆಗೆ ಎದೆ ಎತ್ತಬೇಕು. ನನ್ನ ಎಡ ಮಂಡಿಗಾಗಿ ಬಲಗಾಲು ಮೊದಲು ಇಡಿಸಿದರು, ಎಡಗಾಲು ತರುವಾಗ ಅವರು ನೀರಿಗಿಳಿದು ಬೋರ್ಡಿನ ಹಿಂಭಾಗ ಹಿಡಿದುಕೊಂಡಿದ್ದರು. ಗುಂಪಿನಲ್ಲಿ ಇದನ್ನೆಲ್ಲ ಯಾರಿಗೆ ಅಂತ ಮಾಡಲಿಕ್ಕಾಗುತ್ತದೆ?

ಎದ್ದ ಕೂಡಲೇ ಪ್ಯಾಡಲ್ ನೀರಿಗೆ ಹಾಕಬೇಕು, ಇದನ್ನು ಮರೆಯಬೇಡಿ. ನಿಂತ ಬೋರ್ಡಿಗಿಂತ ಚಲಿಸುವ ಬೋರ್ಡ್ ಸ್ಥಿರ. ಅಲಗು ನೀರಿನಲ್ಲಿದ್ದಷ್ಟು ಹೊತ್ತು ಅದೂ ಒಂದು ಆಧಾರ. ಹೆದರಿಕೆಗೆ ಪ್ಯಾಡಲ್ಲನ್ನು ಗಾಳಿಯಲ್ಲಿ ಹಿಡಿದು ಸುಮ್ಮನೆ ನಿಂತರೆ ಬೀಳುವುದು ಖಂಡಿತ.

ಆಮೇಲೆ ನನ್ನ ಕಾಲಿನಲ್ಲಿ ಆದದ್ದನ್ನು ಹೇಳಬೇಕು. ಕೆಲವೇ ನಿಮಿಷದಲ್ಲಿ ಎರಡೂ ಪಾದ ಜೋಮು ಹಿಡಿದವು. ಪಕ್ಕದ ಬೋರ್ಡಿನಿಂದ ಅವರು ನನ್ನ ಮುಖ ನೋಡಲಿಲ್ಲ, ಕಾಲ್ಬೆರಳು ನೋಡಿದರು. ಹತ್ತೂ ಬೆರಳು ಬೋರ್ಡಿನ ಮೆತ್ತೆಯನ್ನು ಕಚ್ಚಿ ಹಿಡಿದು ಉಗುರು ಬೆಳ್ಳಗಾಗಿದ್ದವು. ‘ಬೆರಳು ಬಿಡಿ, ಎತ್ತಿ ಆಡಿಸಿ’ ಅಂದರು. ಬೆರಳು ಎತ್ತಿದ ಕೂಡಲೇ ಮೀನಖಂಡ ಸಡಿಲವಾಯಿತು, ಮಂಡಿ ತಾನಾಗಿ ಸ್ವಲ್ಪ ಬಾಗಿತು, ಬೋರ್ಡಿನ ನಡುಕ ನಿಂತಿತು. ಅಲ್ಲಿಯವರೆಗೂ ಅದು ನೀರಿನ ಅಲುಗಾಟ ಅಂದುಕೊಂಡಿದ್ದೆ. ನಡುಗುತ್ತಿದ್ದದ್ದು ನನ್ನ ಕಾಲು. ಮತ್ತೆ ನೋಟ. ‘ಕಾಲು ನೋಡಬೇಡಿ, ಅದು ಅಲ್ಲೇ ಉಂಟು. ಆಚೆ ದಡದ ತೆಂಗು ನೋಡಿ’ ಅಂದರು. ತಲೆ ಬಗ್ಗಿದರೆ ಅದರ ಹಿಂದೆಯೇ ಸೊಂಟವೂ ಬಗ್ಗುತ್ತದೆ, ಭಾರ ಮುಂದಕ್ಕೆ ಹೋಗುತ್ತದೆ. ತೆಂಗಿನ ತಲೆಗೆ ಕಣ್ಣು ನೆಟ್ಟ ಮೇಲೆ ನಾನು ನಿಜವಾಗಿ ನಿಂತೆ.

ಹುಟ್ಟು ಹಾಕುವುದರಲ್ಲಿ ತೋಳಿನ ಕೆಲಸ ಕಡಿಮೆ. ಅಲಗನ್ನು ಪಾದಕ್ಕಿಂತ ಮುಂದಕ್ಕೆ ಚಾಚಿ, ಪೂರ್ತಿ ಮುಳುಗಿಸಿ, ಸೊಂಟ ತಿರುಗಿಸುತ್ತಾ ಪಾದದ ತನಕ ತಂದು, ಅಲ್ಲೇ ಹೊರಗೆ ತೆಗೆಯಬೇಕು. ನೆಟ್ಟ ಕಂಬ ಹಿಡಿದು ನಮ್ಮನ್ನು ನಾವೇ ಅದರ ಕಡೆಗೆ ಎಳೆದುಕೊಂಡ ಹಾಗೆ. ಪಾದ ದಾಟಿಸಿ ಹಿಂದಕ್ಕೆ ಎಳೆದರೆ ಬೋರ್ಡ್ ಪಕ್ಕಕ್ಕೆ ತಿರುಗಲು ಶುರುಮಾಡುತ್ತದೆ. ತಿರುಗಲೇಬೇಕು ಅಂದಾಗ ಮಂಡಿ ಇನ್ನಷ್ಟು ಬಗ್ಗಿಸಿ, ಮೂತಿಯಿಂದ ಬಾಲದವರೆಗೆ ದೊಡ್ಡ ಅರ್ಧಚಂದ್ರ ಬರೆದರೆ ಬೋರ್ಡ್ ಎದುರು ಬದಿಗೆ ತಿರುಗುತ್ತದೆ. ಮಾರನೆಯ ದಿನ ನನಗೆ ನೋವಿದ್ದದ್ದು ಪಕ್ಕೆಯಲ್ಲಿ ಮತ್ತು ಅಂಗಾಲಿನಲ್ಲಿ. ತೋಳೇ ಹೆಚ್ಚು ನೋಯುತ್ತಿದ್ದರೆ ಸೊಂಟದ ಕೆಲಸ ಸಾಲದು ಅಂತ ಅರ್ಥ.

ಈ ಆಟಕ್ಕೆ ಈಗಿನ ರೂಪ ಬಂದದ್ದು ಹವಾಯಿಯಲ್ಲಿ. ಕಳೆದ ಶತಮಾನದ ಮಧ್ಯದಲ್ಲಿ ವೈಕೀಕಿಯ ಸರ್ಫಿಂಗ್ ಗುರುಗಳು ಬೋರ್ಡಿನ ಮೇಲೆ ನಿಂತು ಹುಟ್ಟು ಹಾಕುತ್ತಾ ಶಿಷ್ಯರ ಮೇಲೆ ಕಣ್ಣಿಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಲೇರ್ಡ್ ಹ್ಯಾಮಿಲ್ಟನ್ ಮತ್ತು ಡೇವ್ ಕಲಾಮ ಅನ್ನುವ ಸರ್ಫರ್‌ಗಳು ಅದನ್ನು ಜಗತ್ತಿಗೆ ಹಬ್ಬಿಸಿದರು. ನಿಂತರೆ ಎಷ್ಟು ಕಾಣುತ್ತದೆ ಅನ್ನುವುದು ನನಗೂ ಅನುಭವಕ್ಕೆ ಬಂತು. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಕೂತ ಮಿಂಚುಳ್ಳಿ, ಬೋರ್ಡಿನ ನೆರಳಿಗೆ ಚದುರುವ ಮರಿಮೀನುಗಳು, ನೀರಿನ ಬಣ್ಣ ತಿಳಿಯಾಗುವ ಕಡೆ ಅಡಿಯಲ್ಲಿರುವ ಮರಳದಿಬ್ಬ. ದೋಣಿಯಲ್ಲಿ ಕೂತು ಹೋದಾಗ ಇದೇ ನದಿ ನನಗೆ ಬರೀ ಹೊಳಪಾಗಿ ಕಂಡಿತ್ತು.

ಬಲೆಗಳ ಬಗ್ಗೆ ನಮ್ಮ ತರಬೇತುದಾರರು ಬಹಳ ಕಟ್ಟುನಿಟ್ಟು. ಬಲೆಗೆ ಕಟ್ಟಿದ ತೇಲುವ ಬುರುಡೆಗಳ ಸಾಲು ಕಂಡರೆ ಅದರ ನಡುವೆ ನುಗ್ಗಬಾರದು, ಸುತ್ತು ಹಾಕಿ ಹೋಗಬೇಕು. ದೋಣಿ ಬಂದರೆ ದಾರಿ ಬಿಟ್ಟು ಮಂಡಿಯೂರಿ ಕೂರಬೇಕು. ನಮಗೆ ಅದು ರಜೆ, ಮೀನುಗಾರರಿಗೆ ಅದು ದುಡಿಮೆಯ ಜಾಗ. ಒಬ್ಬ ಹಿರಿಯರು ದೋಣಿ ನಿಲ್ಲಿಸಿ ನನಗೆ ತುಳುವಿನಲ್ಲಿ ಏನೋ ಒಳ್ಳೆಯ ಮಾತು ಹೇಳಿ ಹೋದರು, ನನಗೆ ಅವರ ನಗು ಮಾತ್ರ ಅರ್ಥವಾಯಿತು.

ಒಂಬತ್ತೂವರೆಗೆಲ್ಲ ದಡ ಸೇರಿಸಿದರು. ಕರಾವಳಿಯಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಇರುತ್ತದೆ. ಬಿಸಿಲೇರಿ ನೆಲ ಕಾದ ಹಾಗೆ ಕಡಲಗಾಳಿ ಎದ್ದು ನದಿಯ ಮೇಲೂ ಬೀಸುತ್ತದೆ. ನಿಂತ ಮನುಷ್ಯನ ಮೈಯೇ ಆ ಗಾಳಿಗೆ ಹಾಯಿ. ಹಾಗಾಗಿ ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ದಣಿದು ಬರುವಾಗ ಅದು ಬೆನ್ನಿಗಿರಬೇಕು. ಎದುರುಗಾಳಿ ಹೆಚ್ಚಾದರೆ ಮಂಡಿಯೂರಿ, ಇನ್ನೂ ಹೆಚ್ಚಾದರೆ ಮಲಗಿ ಕೈಯಲ್ಲೇ ಹುಟ್ಟು ಹಾಕಿ ಬರಬಹುದು.

ನಾನು ಆ ರಜೆಯಲ್ಲೇ ಇನ್ನೊಂದು ಪಾಠ ತಗೊಂಡೆ. ಅಳಿವೆಯ ಕಡೆಗೆ ಹೋಗೋಣವಾ ಅಂತ ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಎರಡು ನದಿಗಳ ನೀರು ಇಳಿತದಲ್ಲಿ ಅಲ್ಲಿ ಒಟ್ಟಿಗೆ ಕಡಲಿಗೆ ನುಗ್ಗುತ್ತದೆ, ಕಲಿಯುವವರ ಜಾಗ ಅಲ್ಲ ಅದು. ಬದಲಿಗೆ ಏರುವ ನೀರಿನ ಜೊತೆ ಮೇಲಕ್ಕೆ ಕರಕೊಂಡು ಹೋದರು. ಈಗ ನನ್ನ ಅಕ್ಕ ಹೋಗಬೇಕು ಅನ್ನುತ್ತಿದ್ದಾಳೆ, ಈಜು ಬರುವುದಿಲ್ಲ ಅಂತ ಹೆದರಿಕೆ. ಮೊದಲು ಈಜುಕೊಳದಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಮುಖ ಮುಳುಗಿಸುವುದು, ಅಂಗಾತ ತೇಲುವುದು ಅಭ್ಯಾಸ ಮಾಡು ಅಂದಿದ್ದೇನೆ. ಅದಾದ ಮೇಲೆ, ಬೆಳಗ್ಗೆ ಉಬ್ಬರ ಬರುವ ವಾರ ನೋಡಿಕೊಂಡು ರೈಲಿನ ಟಿಕೆಟ್ ಮಾಡಿಸುವುದು.