ಕೆರೆಯಿಂದ ಹೈಡ್ರಾ ತಂದು ಮನೆಯಲ್ಲೇ ಪುನರುತ್ಪತ್ತಿ ನೋಡೋದು ಹೇಗೆ

ಹಲ್ಲಿ ಬಾಲ ಉದುರಿಸಿ ಓಡಿಹೋಗೋದನ್ನ ನೋಡದೇ ಇರೋರು ನಮ್ಮಲ್ಲಿ ಯಾರಿದ್ದಾರೆ. ಬಾಲ ಮತ್ತೆ ಬರತ್ತೆ ನಿಜ, ಆದ್ರೆ ಹೊಸ ಬಾಲದೊಳಗೆ ಮೊದಲಿನ ಹಾಗೆ ಮೂಳೆ ಇರಲ್ಲ, ಮೃದ್ವಸ್ಥಿಯ ಒಂದು ಕೊಳವೆ ಇರತ್ತೆ ಅಷ್ಟೇ. ಒಂದು ಪ್ರಾಣಿನ ನಡುವಿಗೆ ಕತ್ತರಿಸಿದ್ರೆ ಎರಡೂ ತುಂಡು ಪೂರ್ತಿ ಪ್ರಾಣಿ ಆಗೋದನ್ನ ಕಣ್ಣಾರೆ ನೋಡ್ಬೇಕು ಅಂದ್ರೆ ಕೆರೆ ನೀರಲ್ಲಿರೋ ಹೈಡ್ರಾ ಅನ್ನೋ ಪುಟ್ಟ ಪ್ರಾಣಿನ ಹುಡುಕಬೇಕು. ಪಿಯುಸಿ ಬಯಾಲಜಿಯಲ್ಲಿ ಚಿತ್ರ ಬರೆದು, ಭಾಗ ಗುರುತಿಸಿ, ಮಾರ್ಕ್ಸ್ ತಗೊಂಡು ಮರೆತುಬಿಟ್ಟಿರ್ತೀವಲ್ಲ, ಅದೇ ಹೈಡ್ರಾ. ಜೀವಂತ ಹೈಡ್ರಾ ನೋಡದೇ ಬಿಎಸ್ಸಿ ಮುಗಿಸಿದೋರು ನನಗೆ ಎಷ್ಟೋ ಜನ ಗೊತ್ತು, ಅದು ನನಗೆ ತುಂಬಾ ಬೇಜಾರಿನ ವಿಷ್ಯ, ಅದಕ್ಕೇ ಇದನ್ನ ಬರೀತಿದ್ದೀನಿ.

ಮೊದಲು ಹುಡುಕೋದು. ನೀರು ತಿಳಿಯಾಗಿರೋ ಕೆರೆ, ಕಟ್ಟೆ ಅಥವಾ ತಾವರೆ ಕೊಳ ಆಗಬೇಕು, ಚರಂಡಿ ನೀರು ಸೇರೋ ಕಡೆ ಹೋಗಿ ಪ್ರಯೋಜನ ಇಲ್ಲ. ನೀರೊಳಗೆ ಮುಳುಗಿರೋ ಹೈಡ್ರಿಲ್ಲಾ ಗಿಡ, ತಾವರೆ ಎಲೆಯ ಅಡಿಭಾಗ, ನೀರಲ್ಲಿ ಬಿದ್ದಿರೋ ಕಡ್ಡಿ, ಇವನ್ನ ಒಂದೆರಡು ಹಿಡಿ ತಗೊಂಡು ಅಲ್ಲಿಯ ನೀರಿನ ಜೊತೆಗೇ ಅಗಲ ಬಾಯಿಯ ಗಾಜಿನ ಜಾಡಿಗೆ ಹಾಕ್ಕೊಂಡು ಬನ್ನಿ. ಮನೆಗೆ ಬಂದು ಬಿಸಿಲು ನೇರ ಬೀಳದ, ಆದ್ರೆ ಬೆಳಕಿರೋ ಕಿಟಕಿ ಹತ್ರ ಇಟ್ಟು ಅಲುಗಾಡಿಸದೇ ಒಂದು ರಾತ್ರಿ ಬಿಡಿ. ಹೈಡ್ರಾ ಬೆಳಕಿನ ಕಡೆ ಸರಿಯತ್ತೆ. ಬೆಳಗ್ಗೆ ಟಾರ್ಚ್ ಹಿಡಿದು ಗಾಜಿನ ಗೋಡೆ ನೋಡಿದ್ರೆ ಅರ್ಧ ಸೆಂಟಿಮೀಟರ್‌ನಷ್ಟು ಉದ್ದದ ಬಿಳಿ ಅಥವಾ ಕಂದು ದಾರ, ತುದಿಯಲ್ಲಿ ಐದಾರು ಎಳೆ ಬಿಚ್ಕೊಂಡು ತೂಗಾಡ್ತಾ ಇರತ್ತೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ, ತಟಕ್ಕಂತ ಸಾಸಿವೆ ಕಾಳಿನ ಹಾಗೆ ಮುದುಡಿದ್ರೆ ಹೈಡ್ರಾ ಸಿಕ್ತು ಅಂತ ಅರ್ಥ. ಮೊದಲ ಸಲಕ್ಕೇ ಸಿಗದೇ ಇರಬಹುದು, ಬೇರೆ ಕೆರೆಗೆ ಹೋಗಿ.

ಈಗ ನೀರಿನ ವಿಷ್ಯ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ, ಯಾಕಂದ್ರೆ ಹೆಚ್ಚಿನವರ ಹೈಡ್ರಾ ಸಾಯೋದು ಇಲ್ಲೇ. ನಲ್ಲಿ ನೀರಲ್ಲಿ ಕ್ಲೋರಿನ್ ಇರತ್ತೆ, ಬೇಡ. ಆರ್‌ಒ ನೀರಲ್ಲಿ ಇದಕ್ಕೆ ಬೇಕಾದ ಕ್ಯಾಲ್ಸಿಯಂ ಸಾಲಲ್ಲ. ತಾಮ್ರದ ಚೊಂಬಲ್ಲಿಟ್ಟ ನೀರು ನಮಗೆ ಒಳ್ಳೇದು ಅಂತ ಕುಡೀತೀವಿ, ಹೈಡ್ರಾಗೆ ಮಾತ್ರ ತಾಮ್ರ ವಿಷ. ನನ್ನ ಮೊದಲ ಹನ್ನೆರಡು ಹೈಡ್ರಾ ಹೋಗಿದ್ದು ಹಾಗೇ, ಅಡುಗೆಮನೆಯ ಬಿಂದಿಗೆಯಿಂದ ನೀರು ಹಾಕಿದ್ದೆ, ಮಾರನೇ ದಿನ ಎಳೆಗಳೆಲ್ಲ ಮೊಂಡಾಗಿ, ಮೈ ಮುದುಡ್ಕೊಂಡು, ಸಂಜೆ ಹೊತ್ತಿಗೆ ಕರಗೇ ಹೋಗಿದ್ವು. ಅದೇ ಕೆರೆಯ ನೀರನ್ನ ತೆಳು ಬಟ್ಟೆಯಲ್ಲಿ ಸೋಸಿ ಬಳಸೋದು ಎಲ್ಲಕ್ಕಿಂತ ಸುರಕ್ಷಿತ. ಬಟ್ಟಲು, ಡ್ರಾಪರ್ ಯಾವುದಕ್ಕೂ ಸೋಪು ತಾಗಿರಬಾರದು. ಶಾಖ 18ರಿಂದ 22 ಡಿಗ್ರಿ ಇದ್ರೆ ಚೆನ್ನ. ಬೆಂಗಳೂರು, ಮಲೆನಾಡಿನೋರಿಗೆ ಚಳಿಗಾಲದಲ್ಲಿ ಸುಲಭ, ರಾಯಚೂರು ಕಲಬುರಗಿ ಕಡೆಯೋರು ಬೇಸಿಗೆಯಲ್ಲಿ ಶುರು ಮಾಡ್ಬೇಡಿ.

ಊಟಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಆರ್ಟೀಮಿಯಾ, ಅಂದ್ರೆ ಉಪ್ಪುನೀರಿನ ಪುಟಾಣಿ ಸೀಗಡಿಯಂಥ ಜೀವಿಯ ಮೊಟ್ಟೆ ಸಿಗತ್ತೆ. ಉಪ್ಪು ನೀರಲ್ಲಿ ಹಾಕಿದ್ರೆ ಒಂದು, ಒಂದೂವರೆ ದಿನಕ್ಕೆ ಮರಿ ಆಗತ್ತೆ, ಆ ಮರಿಗಳನ್ನ ಚೆನ್ನಾಗಿ ಸಿಹಿನೀರಲ್ಲಿ ತೊಳೆದು ಉಪ್ಪು ಪೂರ್ತಿ ಹೋದಮೇಲೆ ಹಾಕಿ. ವಾರಕ್ಕೆ ಎರಡು ಮೂರು ಸಲ ಸಾಕು. ತಿಂದು ಕೆಲವು ಗಂಟೆ ಆದಮೇಲೆ ನೀರು ಬದಲಾಯಿಸಲೇಬೇಕು, ಉಳಿದಿದ್ದು ಕೊಳೆತ್ರೆ ಅವೂ ಸಾಯ್ತವೆ.

ಕತ್ತರಿಸೋ ಹಿಂದಿನ ದಿನ ಊಟ ಹಾಕ್ಬೇಡಿ. ಮೈಮೇಲೆ ಮೊಗ್ಗು, ಅಂದ್ರೆ ಮರಿ, ಇಲ್ಲದಿರೋ ಹೈಡ್ರಾನೇ ಆರಿಸ್ಕೊಳಿ. ಒಂದೇ ಒಂದು ಕತ್ತರಿಸಿ ತೀರ್ಮಾನಕ್ಕೆ ಬರಬೇಡಿ, ಕಮ್ಮಿ ಅಂದ್ರೂ ಹತ್ತು ಕತ್ತರಿಸಿ, ಇನ್ನು ಐದನ್ನ ಕತ್ತರಿಸದೇ ಅದೇ ನೀರಲ್ಲಿ ಪಕ್ಕದಲ್ಲಿಡಿ, ಆಗ ಏನಾದ್ರೂ ಸತ್ರೆ ಅದು ಕತ್ತರಿಯಿಂದಲೋ ನೀರಿಂದಲೋ ಗೊತ್ತಾಗತ್ತೆ. ಚಪ್ಪಟೆ ಬಟ್ಟಲಿಗೆ ಡ್ರಾಪರ್‌ನಲ್ಲಿ ಬಿಟ್ಟು, ಪೂರ್ತಿ ಮೈಚಾಚೋ ತನಕ ಕಾದು, ಹೊಸ ಬ್ಲೇಡ್‌ನಿಂದ ಒಂದೇ ಸಲಕ್ಕೆ ನಡುವಿಗೆ ಒತ್ತಿ. ಉಜ್ಜಬೇಡಿ. ಮೇಲಿನ ತುಂಡು ಒಂದು ಬಟ್ಟಲು, ಕೆಳಗಿನ ತುಂಡು ಇನ್ನೊಂದು, ಎರಡಕ್ಕೂ ಮಾರ್ಕರ್‌ನಲ್ಲಿ ಹೆಸರು, ಗಂಟೆ ಬರೀರಿ. ಆಮೇಲೆ ಊಟ ಕೊಡ್ಬೇಡಿ, ಕೆಳಗಿನ ತುಂಡಿಗೆ ಬಾಯೇ ಇಲ್ಲ.

ಕೆಲವೇ ಗಂಟೆಗಳಲ್ಲಿ ಗಾಯ ಮುಚ್ಚತ್ತೆ. ತಲೆ ಇಲ್ಲದ ತುಂಡು ಮೊದಲ ದಿನ ಸುಮ್ನೆ ಒಂದು ಚೀಲದ ಹಾಗೆ ನಿಂತಿರತ್ತೆ, ಏನೂ ಆಗ್ತಿಲ್ಲ ಅನ್ಸತ್ತೆ. ಎರಡನೇ ದಿನ ಲೆನ್ಸ್ ಹಿಡಿದು ನೋಡಿ, ಮೇಲ್ತುದಿಯ ಸುತ್ತ ನಾಲ್ಕೈದು ಸಣ್ಣ ಗುಬುಟು ಎದ್ದಿರತ್ತೆ, ಮಗುವಿನ ವಸಡಲ್ಲಿ ಹಲ್ಲು ಮೂಡೋ ಹಾಗೆ. ಮೂರನೇ ದಿನದ ಹೊತ್ತಿಗೆ ಅವೇ ಎಳೆಗಳಾಗಿ, ನಡುವೆ ಬಾಯಿ ಆಗಿರತ್ತೆ, ಒಂದು ಆರ್ಟೀಮಿಯಾ ಮರಿ ಬಿಟ್ರೆ ಹಿಡಿದು ನುಂಗತ್ತೆ. ಆ ಮೊದಲ ತುತ್ತು ನುಂಗೋದನ್ನ ಎಷ್ಟು ಸಲ ನೋಡಿದ್ರೂ ನನಗೆ ಸಾಕಾಗಿಲ್ಲ. ಇನ್ನೊಂದು ಗಮನಿಸಿ, ಹೊಸ ಹೈಡ್ರಾ ಮೊದಲಿಗಿಂತ ಚಿಕ್ಕದು. ಅದು ಊಟ ಮಾಡಿ ಬೆಳೆದಿದ್ದಲ್ಲ, ಇದ್ದ ಮೈಯನ್ನೇ ತಿದ್ದಿ ಮತ್ತೆ ಕಟ್ಕೊಂಡಿದ್ದು.

ಇದನ್ನೇ 1740ರಲ್ಲಿ ಹಾಲೆಂಡ್‌ನ ಹೇಗ್ ಹತ್ರ ಮಕ್ಕಳಿಗೆ ಪಾಠ ಹೇಳ್ಕೊಡ್ತಿದ್ದ ಅಬ್ರಹಾಂ ಟ್ರೆಂಬ್ಲಿ ನೋಡಿದ್ದು. ಇದು ಗಿಡವೋ ಪ್ರಾಣಿಯೋ ಅಂತ ತಿಳ್ಕೊಳೋಕೆ ಆತ ಕತ್ತರಿಸಿದ, ಗಿಡ ಆದ್ರೆ ಎರಡೂ ತುಂಡು ಚಿಗುರತ್ತೆ ಅನ್ನೋದು ಲೆಕ್ಕ. ಎರಡೂ ಬೆಳೆದ್ವು, ಆದ್ರೆ ಅದು ನಡೀತಿತ್ತು, ಬೇಟೆ ಹಿಡಿದು ತಿಂತಿತ್ತು!

ಕೈ ಕುದುರಿದ ಮೇಲೆ ಮೂರು ತುಂಡು ಮಾಡಿ, ತಲೆಯೂ ಬುಡವೂ ಇಲ್ಲದ ನಡುವಿನ ತುಂಡನ್ನ ಬೇರೆ ಇಡಿ. ತಲೆ ಕಡೆ ಇದ್ದ ತುದಿಯಲ್ಲೇ ತಲೆ ಬರತ್ತೆ, ಬುಡದ ಕಡೆ ಇದ್ದ ತುದಿಯಲ್ಲೇ ಬುಡ. ತುಂಡಿಗೆ ತನ್ನ ಮೇಲು ಕೆಳಗು ಹೇಗೆ ನೆನಪಿರತ್ತೆ? 1909ರಲ್ಲಿ ಎಥೆಲ್ ಬ್ರೌನ್ ಅನ್ನೋ ಅಮೆರಿಕದ ವಿಜ್ಞಾನಿ ಬಾಯಿ ಸುತ್ತಲಿನ ಚೂರನ್ನ ಇನ್ನೊಂದು ಹೈಡ್ರಾದ ಮೈಗೆ ಕಸಿ ಮಾಡಿದಾಗ ಅಲ್ಲೇ ಎರಡನೇ ತಲೆ, ಮೈ ಎದ್ದುಬಂತು. ಇಂಥದ್ದೇ ಕಸಿ ಕೆಲಸಕ್ಕೆ ಹೆಸರಾದ ಜರ್ಮನಿಯ ವಿಜ್ಞಾನಿಗಳಾದ ಸ್ಪೆಮಾನ್ ಮತ್ತು ಮ್ಯಾಂಗೋಲ್ಡ್ ಅವರ ಪ್ರಯೋಗ ಬಂದಿದ್ದು 1924ರಲ್ಲಿ, ಆದ್ರೂ ಎಥೆಲ್ ಬ್ರೌನ್ ಹೆಸರು ನಮ್ಮ ಕ್ಲಾಸ್‌ಗಳಲ್ಲಿ ಕೇಳಿಸಲ್ಲ, ಕೇಳಿಸಬೇಕು. ತಲೆಯ ಆ ಜಾಗದಲ್ಲಿ ವಿಂಟ್ ಅನ್ನೋ ಜೀನ್ ಕೆಲಸ ಮಾಡತ್ತೆ ಅಂತ 2000ದಲ್ಲಿ ಗೊತ್ತಾಯ್ತು. ಅದೇ ಕುಟುಂಬದ ಜೀನ್‌ಗಳು ನಮ್ಮ ಭ್ರೂಣದಲ್ಲೂ ಇವೆ, ಮೈಯ ಯಾವ ತುದಿ ಏನಾಗ್ಬೇಕು ಅನ್ನೋದರಲ್ಲಿ ಅವಕ್ಕೂ ಪಾಲಿದೆ. ನಮ್ಮ ವಂಶ, ಹೈಡ್ರಾ ವಂಶ ಬೇರೆಯಾಗಿ ಹತ್ತಿರ ಹತ್ತಿರ 60 ಕೋಟಿ ವರ್ಷ ಆಗಿದೆ, ಅಷ್ಟು ಹಳೇ ಗುಟ್ಟು ನಿಮ್ಮ ಕಿಟಕಿ ಪಕ್ಕದ ಬಟ್ಟಲಲ್ಲಿ ಕೂತಿರತ್ತೆ.

ಈ ಕಡೆ ಆಸಕ್ತಿ ಬಂದ್ರೆ ಪುಣೆಯ ಅಘರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಹೈಡ್ರಾ ಮೇಲೆ ಕೆಲಸ ನಡೆದಿದೆ, ಬೆಂಗಳೂರಿನ ಇನ್‌ಸ್ಟೆಮ್ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿ ಪ್ಲನೇರಿಯಾ ಅನ್ನೋ ಚಪ್ಪಟೆ ಹುಳದ ಪುನರುತ್ಪತ್ತಿ ಮೇಲೆ. ಕಾಲೇಜು ಮಕ್ಕಳು ವಿಚಾರಿಸಿ ನೋಡಿ.

ಕೊನೇ ಮಾತು, ಕೆಲಸ ಮುಗಿದ ಮೇಲೆ ಸಿಂಕಿಗೆ ಸುರೀಬೇಡಿ, ಬೇರೆ ಕೆರೆಗೂ ಬಿಡ್ಬೇಡಿ. ಹೊಸ ತಲೆ ಬಂದೋವಕ್ಕೆ ಎರಡು ಸಲ ಹೊಟ್ಟೆ ತುಂಬಾ ತಿನ್ಸಿ, ಆರ್ಟೀಮಿಯಾ ತಿಂದ ಕೆಂಪು ಮೈ ಹೊತ್ತಿರುವಾಗಲೇ ತಂದ ಕೆರೆಗೇ ವಾಪಸ್ ಬಿಟ್ಟು ಬನ್ನಿ.