ಕೆಲಸದಲ್ಲಿ ತಾರತಮ್ಯವೇ? ದೂರು ಕನ್ನಡದಲ್ಲೇ ಬರೆಯಿರಿ

ಕಾಸರಗೋಡು, ಕುಂಬಳೆ, ಉಪ್ಪಳದ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಕನ್ನಡ ಮಾತ್ರ ಬರೆಯಬಲ್ಲವರಿದ್ದಾರೆ. ಲೇಬರ್ ಆಫೀಸಿಗೆ ಮಲಯಾಳದಲ್ಲೇ ಅರ್ಜಿ ಕೊಡಬೇಕೆಂದು ಅಳುಕಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು.

1. ದಾಖಲೆ
ದೂರು ನಿಲ್ಲುವುದು, ಬೀಳುವುದು ಇಲ್ಲಿಯೇ. ಒಂದು ಪುಸ್ತಕದಲ್ಲಿ ದಿನಾಂಕ, ಹೊತ್ತು, ಹತ್ತಿರವಿದ್ದವರ ಹೆಸರು ಬರೆದಿಡಿ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ. ತುಳುವಿನಲ್ಲೋ ಮಲಯಾಳದಲ್ಲೋ ಬೈದಿದ್ದರೆ ಅದೇ ಮಾತು ಕನ್ನಡ ಅಕ್ಷರದಲ್ಲಿ ಇರಲಿ. ‘ಯಾವಾಗಲೂ ಹೀಗೇ ಮಾಡುತ್ತಾರೆ’ ಎಂದು ಬರೆದರೆ ವಿಚಾರಣೆಯಲ್ಲಿ ಹಿಡಿಯಲು ಏನೂ ಸಿಗದು. ಸಂಬಳದ ಚೀಟಿ, ಪಾಸ್‌ಬುಕ್, ಡ್ಯೂಟಿ ಪಟ್ಟಿಯ ಫೋಟೊ ಜೋಪಾನ ಮಾಡಿ. ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ.

2. ಲೇಬರ್ ಆಫೀಸಿಗೆ ಹೋಗುವ ದೂರು
ಒಂದೇ ಕೆಲಸಕ್ಕೆ ಗಂಡಸರಿಗೆ ಹೆಚ್ಚು ಸಂಬಳ, ಹೆಣ್ಣೆಂಬ ಕಾರಣಕ್ಕೆ ಕೆಲಸ ನಿರಾಕರಣೆ: ಎರಡೂ ಕಾನೂನುಬಾಹಿರ. 1976ರ ಸಮಾನ ವೇತನ ಕಾಯ್ದೆಯ ಈ ನಿಯಮ 2019ರ ವೇತನ ಸಂಹಿತೆಯಲ್ಲೂ ಇದೆ. ‘ಸಂಬಳ ಕಡಿಮೆ’ ಎಂದರೆ ಸಾಲದು. ಅದೇ ಕೆಲಸ ಮಾಡುವ ಸಹೋದ್ಯೋಗಿಯ ಕೆಲಸ, ಅವಧಿ, ಸಂಬಳವನ್ನು ನಿಮ್ಮದರ ಪಕ್ಕದಲ್ಲಿ ತೋರಿಸಿ.

ಕೇರಳದ ಅಂಗಡಿಗಳಲ್ಲಿ ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ಆಸನ ಕೊಡಲೇಬೇಕು. ದಿನವಿಡೀ ನಿಂತು ದುಡಿದ ಸೇಲ್ಸ್ ಗರ್ಲ್‌ಗಳ ಹೋರಾಟದಿಂದ 2018ರಲ್ಲಿ ಬಂದ ತಿದ್ದುಪಡಿ ಇದು. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದವರಿಗೆ, ಸಂಸ್ಥೆಯಲ್ಲಿ ಕನಿಷ್ಠ 10 ಜನರಿದ್ದರೆ, ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ ಸಲ್ಲುತ್ತದೆ. ಆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವಂತಿಲ್ಲ. ‘ನೀವೇ ರಾಜೀನಾಮೆ ಕೊಡಿ, ಆಮೇಲೆ ನೋಡೋಣ’ ಎಂದರೆ ಸಹಿ ಹಾಕಬೇಡಿ. ಹಾಕಿದ ಮೇಲೆ ಅದು ಬಲವಂತವೆಂದು ಸಾಬೀತು ಮಾಡುವುದು ಬಹಳ ಕಷ್ಟ.

3. ಲೈಂಗಿಕ ಕಿರುಕುಳ
ಇದಕ್ಕೆ 2013ರ ಕಾಯ್ದೆ, ಬೇರೆ ದಾರಿ. 10 ಅಥವಾ ಹೆಚ್ಚು ಜನರಿದ್ದಲ್ಲಿ ಆಂತರಿಕ ಸಮಿತಿ ಇರಬೇಕು; ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರು ಒಬ್ಬರು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಜನ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಅದರ ವಿಳಾಸವನ್ನು ಜಿಲ್ಲಾ ಮಹಿಳಾ ಮತ್ತು ಶಿಶು ಅಭಿವೃದ್ಧಿ ಕಚೇರಿಯಲ್ಲಿ ಕೇಳಿ.

ಘಟನೆಯಾದ 3 ತಿಂಗಳೊಳಗೆ ದೂರು ಕೊಡಿ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ದೂರಿನ 6 ಪ್ರತಿ, ಸಾಕ್ಷಿಗಳ ಹೆಸರು, ವಿಳಾಸ ಬೇಕು. ಖಾಸಗಿ ಸಂಸ್ಥೆಯ ಸಮಿತಿಗೆ ಮೇಲಿನ ಭಾಷಾ ಕಾಯ್ದೆ ಅನ್ವಯಿಸದು. ಆದರೆ ಬರೆಯಲಾಗದವರಿಗೆ ಬರೆಯಲು ನೆರವಾಗುವುದು ಸಮಿತಿಯ ಹೊಣೆ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರವರೆಗೆ ವರ್ಗಾವಣೆ ಅಥವಾ 3 ತಿಂಗಳವರೆಗಿನ ರಜೆ ಕೇಳಬಹುದು. ರಾಜಿಗೆ ದುಡ್ಡು ಆಧಾರವಾಗಕೂಡದು.

4. ಕೊಟ್ಟ ಮೇಲೆ
ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸದೆ ಕಚೇರಿಯಿಂದ ಹೊರಡಬೇಡಿ. ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಪ್ರತಿಗೆ ಲಗತ್ತಿಸಿ. ವಕೀಲರು ಬೇಕಾದರೆ, ಆದಾಯ ಎಷ್ಟಿದ್ದರೂ ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. ಕರೆ ಮಾಡಬೇಕಾದ ಸಂಖ್ಯೆ 15100.